ಸೋಮವಾರದ ಎತ್ತು, ಭಾನುವಾರದ ಅಮ್ಮ

ಆಗುವುದೇ ಇಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಅಂತೋಣಪ್ಪ. ಮಾವ ಗಾರೆ ಮೇಸ್ತ್ರಿ. ಪುಟ್ಟೇನಹಳ್ಳಿಯ ನಮ್ಮ ಬಾಡಿಗೆ ಮನೆಯ ಹೊಸ್ತಿಲ ಮೇಲೆ ಕೂತು, ಸಿಮೆಂಟು ಅಂಟಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತ ಅವರು ಹೇಳಿದ್ದು ಇಷ್ಟು: "ನೀನು ಕೆಲಸಾನೂ ಬಿಡಲ್ಲ, ಡಿಗ್ರಿನೂ ಬಿಡಲ್ಲ ಅಂತೀಯ. ನಿಮ್ಮಮ್ಮ ನೋಡಿದ್ರೆ ಭಾನುವಾರ ಚರ್ಚಿನ ಪೂಜೆ ಬಿಡಲ್ಲ ಅಂತಾಳೆ. ಮೂರರಲ್ಲಿ ಎರಡು ಇಟ್ಕೊಳ್ರಮ್ಮ. ಮೂರೂ ಇರೋ ಮನೆ ನಾನು ಕಟ್ಟಿದ್ದೂ ಇಲ್ಲ, ನೋಡಿದ್ದೂ ಇಲ್ಲ." ಇದೇ ಮಾತನ್ನು ಆಮೇಲೆ ಬೇರೆಬೇರೆ ಬಾಯಿಗಳಲ್ಲಿ ಕೇಳಿದೆ. ಹೇಳಿದವರೆಲ್ಲ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ.

ಕಳೆದ ವಾರ ತಮ್ಮನ ಮಗಳಿಗೆ ಶಾಲೆಯ ಯೂನಿಫಾರ್ಮ್ ಕೊಳ್ಳಲು ಯಲಹಂಕದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಕವರು ಹರಿದು ನೀಲಿ ಲಂಗವನ್ನು ಕೊಡವಿದ. ಹೊಸ ಬಟ್ಟೆಯ ಗಂಜಿ, ಇಸ್ತ್ರಿಯ ಹಬೆ, ಅದರೊಳಗೆ ಎಲ್ಲೋ ಮಿಷಿನ್ ಎಣ್ಣೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಮತ್ತೆ ರಾಜಾನುಕುಂಟೆಯ ಆ ಶೀಟಿನ ಶೆಡ್ಡಿನ ಕೆಳಗಿದ್ದೆ.

ದೊಡ್ಡಬಳ್ಳಾಪುರ ರಸ್ತೆಯಿಂದ ಒಳಕ್ಕೆ ತಿರುಗಿ, ಲೇಔಟಿನ ಕಲ್ಲುಗಳನ್ನು ದಾಟಿದರೆ ಮುನಿರಾಜು ಅವರ ಹೊಲಿಗೆ ಯೂನಿಟ್ಟು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗ. ಸುತ್ತಲಿನ ಹೊಲ ಸೈಟಾಗಿ ಹೋದ ಮೇಲೂ ಉಳಿದ ಒಂದು ತುಂಡಿನಲ್ಲಿ ಅವರು ಶೆಡ್ಡು ಹಾಕಿ, ಶಾಲಾ ಯೂನಿಫಾರ್ಮ್ ಹೊಲಿಸುತ್ತಿದ್ದರು. ಅಮ್ಮ ಲೂರ್ದಮ್ಮ ಆ ಯೂನಿಟ್ಟು ಶುರುವಾದಾಗಿನಿಂದ ಫಿನಿಶಿಂಗ್‌ನಲ್ಲಿದ್ದಳು. ಹೊಲಿದು ಬಂದ ಬಟ್ಟೆಯ ದಾರದ ಬಾಲಗಳನ್ನು ಕತ್ತರಿಸಿ, ಗುಂಡಿ ಎಳೆದು ನೋಡಿ, ಇಸ್ತ್ರಿಯಾದ ಮೇಲೆ ಮಡಚಿ ಕಟ್ಟುವ ಕೆಲಸ. ಪಿಯುಸಿ ಮುಗಿದ ಮೇಲೆ ನಾನೂ ಅಲ್ಲಿಯೇ ಆಫೀಸಿನಲ್ಲಿ ಸೇರಿದೆ. ಹಾಜರಿ ಬರೆಯುವುದು, ನೋಟಿಸು ಬರೆಯುವುದು, ಲೋಡಿನ ಚೀಟಿ ಬರೆಯುವುದು. ಸಂಜೆ ಎರಡು ಬಸ್ಸು ಬದಲಿಸಿ ಯಶವಂತಪುರದ ಸಂಜೆ ಕಾಲೇಜು. ಬಿ.ಕಾಂ. ಕೊನೆಯ ವರ್ಷ. ಹೆಬ್ಬಾಳದ ಫ್ಲೈಓವರ್ ದಯೆಯಿಂದ ಮೊದಲ ಪಿರಿಯಡ್ ನನಗೆ ಯಾವತ್ತೂ ಅರ್ಧವೇ ಸಿಕ್ಕಿದ್ದು.

ಯೂನಿಫಾರ್ಮ್ ಕಸುಬಿಗೆ ಫೆಬ್ರವರಿ ಮುಗಿಯುತ್ತಿದ್ದಂತೆ ಜ್ವರ ಬರುತ್ತದೆ. ಜೂನ್‌ನಲ್ಲಿ ಶಾಲೆ, ಅಷ್ಟರೊಳಗೆ ಎಲ್ಲ ಮಕ್ಕಳ ಮೈಮೇಲೂ ಬಟ್ಟೆ ಇರಬೇಕು. ಆ ವರ್ಷ ಆರ್ಡರು ಜಾಸ್ತಿ ಬಂದಿತ್ತು. ಬಿಸಿಲೂ ಜಾಸ್ತಿ. ಹೊಂಗೆ ಮರಗಳು ಎಲೆ ಉದುರಿಸಿ ಹೊಸದಾಗಿ ಚಿಗುರಿದ್ದವು. ನೆರಳು ಮಾತ್ರ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶೀಟು ಕಾದು ಟಪ್ ಟಪ್ ಎನ್ನುತ್ತಿತ್ತು. ನಮಗೆ ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ಅಮ್ಮ ಒಪ್ಪೊತ್ತು ಊಟ ಬಿಟ್ಟಿದ್ದಳು. ಕಟಿಂಗ್ ಮಾಸ್ಟರ್ ಖಾದರ್ ಭಾಯಿಗೆ ಅದೇ ಹೊತ್ತಿಗೆ ರಂಜಾನ್. "ಈ ಸಲ ನಮ್ಮ ಉಪವಾಸ, ನಿಮ್ಮ ಉಪವಾಸ ಒಟ್ಟಿಗೇ ಬಂತಲ್ಲ ಲೂರ್ದಮ್ಮ, ಚಾ ಮಾಡೋಳಿಗೆ ಆರಾಮು" ಎಂದು ಅವರು ನಕ್ಕರೆ, ಅಮ್ಮ, "ನೀವು ನೀರೂ ಕುಡಿಯಲ್ಲ ಭಾಯ್. ನಂದೇನು ಮಹಾ ಉಪವಾಸ ಬಿಡಿ" ಎನ್ನುತ್ತಿದ್ದಳು.

ಒಂದು ದಿನ ಮುನಿರಾಜು ಅವರು ನನ್ನನ್ನು ಕರೆದು ನೋಟಿಸು ಬರೆಯಲು ಹೇಳಿದರು. ಶಾಲೆ ತೆರೆಯುವವರೆಗೆ ವಾರದ ರಜೆ ಭಾನುವಾರ ಅಲ್ಲ, ಸೋಮವಾರ. ಭಾನುವಾರ ಎಲ್ಲರೂ ಬರತಕ್ಕದ್ದು. ವಾರವೆಲ್ಲ ಲೇಔಟಿನ ಬೋರ್‌ವೆಲ್ಲು, ಕಾಂಕ್ರೀಟು ಮಿಷಿನ್ನು ಎಲ್ಲ ಸೇರಿ ಕರೆಂಟು ಎಳೆಯುತ್ತವೆ, ಭಾನುವಾರ ಲೈನು ಚೆನ್ನಾಗಿರುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದನ್ನು ಅವರು ಹೆಮ್ಮೆಯಿಂದ ಹೇಳಿದರು: "ನಮ್ ತಾತನ್ ಕಾಲದಿಂದ್ಲೂ ನಮ್ಮನೇಲಿ ಸೋಮವಾರ ಎತ್ತಿನ ಎಗಲಿಗೆ ನೊಗ ಇಟ್ಟೋರಲ್ಲ. ಬಸವಣ್ಣನ ದಿನ ಅದು. ಈಗ ಎತ್ತು ಎಲ್ಲವ್ವೆ? ಈ ಮಿಷಿನ್ನೇ ನಮ್ ಎತ್ತು. ಇಷ್ಟು ವರ್ಷ ತಪ್ಪೋಗಿತ್ತು, ಈ ಸಲ ಸೋಮವಾರ ಅವಕ್ಕೆ ರೆಸ್ಟು." ಹಾಗೆ ಹೇಳುವಾಗ ಅವರ ಮುಖದಲ್ಲಿ ಧರ್ಮ ಮಾಡಿದವರ ತೃಪ್ತಿ ಇತ್ತು. ನಾನು ನನ್ನ ಕೈಯಾರೆ ದುಂಡಗೆ ನೋಟಿಸು ಬರೆದು ಗೇಟಿನ ಪಕ್ಕ ಅಂಟಿಸಿದೆ.

ಅಮ್ಮ ಓದಲಾರಳು. ನಾನೇ ಹೇಳಿದೆ. "ಹೂಂ" ಎಂದಳು. ಅಷ್ಟೇ. ಆ ಭಾನುವಾರ ಎಂದಿನಂತೆ ಎದ್ದು, ತಲೆಗೆ ಸ್ನಾನ ಮಾಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಎಂಟು ಗಂಟೆಯ ಕನ್ನಡ ಪೂಜೆಗೆ ಹೊರಟಳು. ನಾನು ಮುಂಜಾನೆ ತಮಿಳು ಪೂಜೆ ಮುಗಿಸಿ ಕೆಲಸಕ್ಕೆ ಹೋದೆ. ನನಗೆ ಅದು ಸಾಕಾಗಿತ್ತು; ಗೆಳತಿಯರ ಬಾಯಿಂದ ತಮಿಳು ಕಲಿತಿದ್ದೆ.

ಹಾಜರಿ ಪುಸ್ತಕ ತೆರೆದಾಗ ಫ್ಲೋರ್ ಮ್ಯಾನೇಜರ್ ರಮೇಶ್ ಸರ್ ನನ್ನ ಮೇಜಿನ ಮುಂದೆಯೇ ನಿಂತಿದ್ದರು.

"ಲೂರ್ದಮ್ಮ ಎಲ್ಲಿ?"

"ಪೂಜೆಗೆ ಹೋಗಿದಾರೆ ಸರ್."

"ಹಾಕು ಆಬ್ಸೆಂಟು."

ಹಾಕಿದೆ. ಸಂಜೆ ಮನೆಗೆ ಬಂದಾಗ ಅಮ್ಮ ಹುರುಳಿಕಾಳು ಆರಿಸುತ್ತಿದ್ದಳು. "ಹಾಕಿದ್ಯಾ?" ಎಂದಳು. "ಹಾಕ್ದೆ" ಎಂದೆ. "ಸರಿ. ಅದು ನಿನ್ನ ಕೆಲಸ, ನೀನು ಮಾಡ್ದೆ. ಇದು ನಂದು, ನಾನು ಮಾಡ್ದೆ. ಕೈಕಾಲು ತೊಳ್ಕೊ, ಊಟ ಮಾಡು."

ಯೂನಿಟ್ಟಿನಲ್ಲಿ ಅಮ್ಮನೂ ಸೇರಿ ನಮ್ಮ ಚರ್ಚಿನವರು ಆರು ಹೆಂಗಸರಿದ್ದರು, ಎಲ್ಲರೂ ಫಿನಿಶಿಂಗ್ ಟೇಬಲ್ಲಿನವರೇ. ಮೊದಲ ವಾರ ಅಮ್ಮ ಒಬ್ಬಳೇ ಬರಲಿಲ್ಲ. ಮುಂದಿನ ವಾರ ಇನ್ನಿಬ್ಬರು ಅವಳ ಹಿಂದೆ ನಿಂತರು. ರಮೇಶ್ ಸರ್ ಅಮ್ಮನನ್ನು ಟೇಬಲ್ಲಿನ ಬಳಿಯೇ ಹಿಡಿದರು. "ಅಲ್ಲಮ್ಮ, ನಿಮ್ಮ ಚರ್ಚಲ್ಲಿ ಬೆಳಗ್ಗೆ ಆರಕ್ಕೇ ಒಂದು ಪೂಜೆ ಇದೆಯಂತಲ್ಲ. ಮಗಳು ಹೋಗಿ ಬರ್ತಾಳೆ. ನಿಮಗೇನು?"

"ಅದು ತಮಿಳು ಪೂಜೆ ಸರ್."

"ದೇವ್ರಿಗೆ ತಮಿಳು ಬರಲ್ವಾ?"

"ದೇವ್ರಿಗೆ ಎಲ್ಲಾ ಭಾಷೆನೂ ಬರುತ್ತೆ ಸರ್. ನನಗೆ ಬರಲ್ವಲ್ಲ."

ಇಡೀ ಟೇಬಲ್ಲು ನಕ್ಕಿತು. ರಮೇಶ್ ಸರ್ ಕೂಡ ನಗು ತಡೆಯಲು ಹೋಗಿ ಕೆಮ್ಮಿದರು. ಆದರೆ ನಗು ಮುಗಿದ ಮೇಲೆ ಅವರು ಹೇಳಿದ್ದು ನಗುವ ಮಾತಾಗಿರಲಿಲ್ಲ. ಬರುವ ಭಾನುವಾರ, ಅಂದರೆ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ಯಾರು ಬರುವುದಿಲ್ಲವೋ ಅವರು ಆಮೇಲೆಯೂ ಬರಬೇಕಾಗಿಲ್ಲ. ಸಾಹುಕಾರರ ಮಾತು ಇದು, ನನ್ನದಲ್ಲ ಎಂದರು.

ಅಮ್ಮನಿಗೆ ಐವತ್ತು ದಾಟಿತ್ತು. ಆ ವಯಸ್ಸಿನ ಕೈಗೆ ಯಲಹಂಕದಲ್ಲಾಗಲಿ ಮಾಕಳಿಯಲ್ಲಾಗಲಿ ಹೊಸ ಗೇಟು ತೆರೆಯುವುದಿಲ್ಲ. ಅಪ್ಪ ಇರಲಿಲ್ಲ, ತಮ್ಮ ಇನ್ನೂ ಐಟಿಐ ಓದುತ್ತಿದ್ದ. ಅಮ್ಮನ ಕೆಲಸ ಹೋದರೆ ನಾನು ಕಾಲೇಜು ಬಿಟ್ಟು ರಾತ್ರಿಯ ತನಕ ಓಟಿ ಮಾಡುವ ಕಡೆ ಸೇರಬೇಕು, ಬೇರೆ ದಾರಿ ಇಲ್ಲ. ಪರೀಕ್ಷೆ ಬಾಗಿಲಲ್ಲೇ ನಿಂತಿತ್ತು. ಅಮ್ಮನಿಗೆ ಇದೆಲ್ಲ ಗೊತ್ತಿತ್ತು. ಆದರೂ ಒಂದು ಮಾತು ಹೇಳಿದಳು: "ಆರು ದಿನ ಅವ್ರು ಹೇಳ್ದಂಗೆ ಬಗ್ಗಿರ್ತೀನಿ ಜೆಸಿಂತಾ. ಒಂದು ದಿನ ನನ್ನ ಬೆನ್ನು ನೆಟ್ಟಗಿರ್ಲಿ."

ಆ ಸೆಮಿಸ್ಟರಿನಲ್ಲಿ ನಮಗೆ ಕಾರ್ಮಿಕ ಕಾನೂನು ಒಂದು ವಿಷಯ. ಪುಸ್ತಕದಲ್ಲಿ ಕಂಡೆ: ಕಾರ್ಖಾನೆಯಲ್ಲಿ ವಾರದ ಮೊದಲ ದಿನ, ಅಂದರೆ ಭಾನುವಾರ, ಯಾರನ್ನೂ ದುಡಿಸುವಂತಿಲ್ಲ. ನನಗೆ ರೆಕ್ಕೆ ಬಂದ ಹಾಗಾಯಿತು. ಪಾಠ ಮಾಡುತ್ತಿದ್ದ ಪಾರ್ವತಿ ಮೇಡಂ ಎದುರು ಪುಟ ಬಿಡಿಸಿ ಹಿಡಿದೆ. ಅವರು ಕನ್ನಡಕ ಸರಿ ಮಾಡಿಕೊಂಡು, "ಕೆಳಗಿನ ಸಾಲು ಓದು" ಎಂದರು. ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಬದಲಿ ರಜೆ ಕೊಟ್ಟರೆ ಭಾನುವಾರ ದುಡಿಸಬಹುದು. ಅದಕ್ಕೆ ಮೊದಲು ಇನ್‌ಸ್ಪೆಕ್ಟರಿಗೆ ತಿಳಿಸಬೇಕು, ನೋಟಿಸು ಹಾಕಬೇಕು. ಮುನಿರಾಜು ಸೋಮವಾರ ಕೊಟ್ಟಿದ್ದರು.

"ಮೇಡಂ, ಸಂವಿಧಾನದಲ್ಲಿ ಧರ್ಮದ ಹಕ್ಕು ಅಂತ ಇದೆಯಲ್ಲ?"

"ಇದೆ. ಅದು ಮುಖ್ಯವಾಗಿ ಸರ್ಕಾರದ ಕೈ ಕಟ್ಟೋದಕ್ಕೆ. ನಿಮ್ಮ ಸಾಹುಕಾರರ ಶೆಡ್ಡಿನ ಒಳಕ್ಕೆ ಅದು ಅಷ್ಟು ಸಲೀಸಾಗಿ ನಡ್ಕೊಂಡು ಬರಲ್ಲ. ಕಾನೂನು ನಿಮ್ಮಮ್ಮನಿಗೆ ಒಂದು ದಿನ ಕೊಡುತ್ತೆ. ಅವರ ದಿನಾನೇ ಕೊಡು ಅನ್ನಲ್ಲ."

"ಅವ್ರು ಇನ್‌ಸ್ಪೆಕ್ಟರಿಗೆ ಏನೂ ತಿಳಿಸಿಲ್ಲ ಮೇಡಂ. ಆಫೀಸಲ್ಲಿ ಇರೋದು ನಾನೇ."

"ಹಾಗಾದ್ರೆ ನಿನ್ನ ಕೈಲಿ ಒಂದು ಕಲ್ಲಿದೆ. ಎಸೆದ್ರೆ ಗಾಜು ಒಡೆಯುತ್ತೆ. ಅವರು ದಂಡ ಕಟ್ಟಿ, ನಾಳೆ ತಿಳಿಸ್ತಾರೆ. ಭಾನುವಾರ ಸಿಗುತ್ತಾ?"

ಸಿಗುವುದಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಯೋಚಿಸಿದೆ. ಕಾನೂನು ಅರ್ಧ ದಾರಿಗೆ ಇಳಿಸಿ ಹೋಗಿತ್ತು. ಉಳಿದದ್ದನ್ನು ನಡೆದೇ ಹೋಗಬೇಕು. ಆಗ ಹೊಳೆದದ್ದು ಖಾದರ್ ಭಾಯಿಯ ಶುಕ್ರವಾರ. ಪ್ರತಿ ಶುಕ್ರವಾರ ಮಧ್ಯಾಹ್ನ ಅವರು ಟೋಪಿ ಹಾಕಿಕೊಂಡು ಜುಮ್ಮಾ ನಮಾಜಿಗೆ ಹೋಗುತ್ತಿದ್ದರು. ಕಟಿಂಗ್ ಟೇಬಲ್ಲು ನಿಲ್ಲುತ್ತಿತ್ತು. ಯಾರೂ ಅದನ್ನು ಹಕ್ಕು ಎಂದಿರಲಿಲ್ಲ, ರಜೆ ಎಂದಿರಲಿಲ್ಲ. ಗುರುವಾರವೇ ಒಂದಿಷ್ಟು ಜಾಸ್ತಿ ಕತ್ತರಿಸಿಟ್ಟು ಹೋಗುತ್ತಿದ್ದರು, ಹೊಲಿಯುವವರಿಗೆ ತುಂಡು ಕಡಿಮೆ ಬೀಳುತ್ತಿರಲಿಲ್ಲ. ಸೋಮವಾರ ಸಾಹುಕಾರರ ಬಸವಣ್ಣನಿಗೆ, ಶುಕ್ರವಾರ ಮಧ್ಯಾಹ್ನ ಖಾದರ್ ಭಾಯಿಗೆ. ಹಾಗಿದ್ದಮೇಲೆ ಭಾನುವಾರ ಏನು ತಪ್ಪು ಮಾಡಿತ್ತು?

ಗರಿಗಳ ಭಾನುವಾರದ ಹಿಂದಿನ ದಿನ, ಕೆಲಸ ಬಿಡುವ ಹೊತ್ತಿಗೆ ಮುನಿರಾಜು ಅವರ ಮುಂದೆ ಹೋಗಿ ನಿಂತೆ. ಅಮ್ಮ ಬಾಗಿಲ ಹತ್ತಿರ ನಿಂತಳು. ರಮೇಶ್ ಸರ್, ಖಾದರ್ ಭಾಯ್ ಇಬ್ಬರೂ ಲೋಡಿನ ವಿಷಯ ಮಾತಾಡಲು ಅಲ್ಲಿಯೇ ಇದ್ದರು. ನಾನು ಓದಿದ ಹುಡುಗಿ, ನೆಟ್ಟಗೆ ಹೇಳಿದೆ: "ಸರ್, ಈ ಯೂನಿಟ್ಟಲ್ಲಿ ದೇವರ ದಿನ ಅಂತ ಆಗಲೇ ನಡ್ಕೊಂಡು ಬಂದಿದೆ. ಖಾದರ್ ಭಾಯಿಗೆ ಶುಕ್ರವಾರ ಬಿಡ್ತೀರ. ನಮ್ಮ ಆರು ಜನಕ್ಕೆ ಭಾನುವಾರ ಬಿಡಿ. ಸೋಮವಾರ ಬಂದು ಮಾಡ್ಕೊಡ್ತೀವಿ."

"ಸೋಮವಾರವಾ?" ಮುನಿರಾಜು ಕುರ್ಚಿಯಿಂದ ಅರ್ಧ ಎದ್ದರು. "ಸೋಮವಾರ ಮಿಷಿನ್ ತಿರುಗ್ಸಾಕಿಲ್ಲ ಅಂತ ಅಷ್ಟು ಯೋಳಿದೀನಿ! ಶುಕ್ರವಾರದ ಮಾತು ಎತ್ತಿದೆಯಲ್ಲ, ಸರಿ. ಇವತ್ತಿಂದ ಎಲ್ರಿಗೂ ಒಂದೇ ರೂಲ್ಸು. ಶುಕ್ರವಾರದ್ದೂ ಕ್ಯಾನ್ಸಲ್ಲು. ನಡೀರಿ."

ಖಾದರ್ ಭಾಯಿಯ ಮುಖ ಒಣಗಿತು. ದಿನವಿಡೀ ನೀರಿಲ್ಲದ ಗಂಟಲಿನಿಂದ, "ಅರೆ ಬೇಟಿ, ನಿಮ್ದು ನೀವು ಕೇಳ್ಕೊಬೇಕಿತ್ತು. ನಂದು ಯಾಕಮ್ಮ ಮಧ್ಯದಲ್ಲಿ ಎಳೆದ್ರಿ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರಮೇಶ್ ಸರ್, "ಆಯ್ತಾ ಲಾಯರಮ್ಮ? ಇದ್ದಿದ್ದನ್ನೂ ಕಳೆದ್ಯಲ್ಲ" ಎಂದರು.

ಆಗ ಬಾಗಿಲ ಹತ್ತಿರದಿಂದ ಅಮ್ಮ ಮಾತಾಡಿದಳು. ಜಗಳದ ದನಿಯಲ್ಲಲ್ಲ, ಹಳೆಯ ಪರಿಚಯದವರನ್ನು ವಿಚಾರಿಸುವ ಹಾಗೆ.

"ಸ್ವಾಮಿ, ನಿಮ್ಮಪ್ಪಾರು ಸೋಮವಾರ ಎತ್ತು ಕಟ್ತಿರ್ಲಿಲ್ಲ, ನಿಜ. ನಾನು ಚಿಕ್ಕೋಳಿದ್ದಾಗ ಇದೇ ಹೊಲಕ್ಕೆ ಕೂಲಿಗೆ ಬರ್ತಿದ್ದೆ. ಸೋಮವಾರ ಏನ್ ಕೆಲಸ ಮಾಡಿಸ್ತಿದ್ರು ಗೊತ್ತಾ?"

ಅರ್ಧ ಎದ್ದಿದ್ದ ಮುನಿರಾಜು ಮತ್ತೆ ಕುರ್ಚಿಯಲ್ಲಿ ಕೂತರು.

"ಕಳೆ ಕೀಳಿಸ್ತಿದ್ರು. ಕಣ ಗುಡಿಸ್ತಿದ್ರು. ಹಗ್ಗ ಹೊಸೀರಿ ಅಂತಿದ್ರು. ಎತ್ತಿಗೆ ರಜಾ, ನಮಗಿರ್ಲಿಲ್ಲ. ನಿಮ್ಮಮ್ಮಾರು ಮುದ್ದೆ ತರೋರು, ಅವರೇಕಾಳು ಸಾರು. ಎತ್ತು ನೆರಳಲ್ಲಿ ಮಲ್ಕೊಂಡು ನಮ್ಮನ್ನೇ ನೋಡೋದು."

ಮುನಿರಾಜು ಅವರ ಹೊಟ್ಟೆ ಅಲುಗಾಡತೊಡಗಿತು. ನಗು ಅದು. "ಅವೆರಡೂ ಸೋಮಾರಿ ನನ್ ಮಕ್ಳು ಲೂರ್ದಮ್ಮ. ಮಂಗಳವಾರನೂ ಏಳ್ತಿರ್ಲಿಲ್ಲ."

"ಅದಕ್ಕೇ ಸ್ವಾಮಿ. ಸೋಮವಾರ ನಿಮ್ಮ ಮಿಷಿನ್ನು ಮುಟ್ಟಲ್ಲ. ನಮ್ದೆಲ್ಲ ಕೈ ಕೆಲಸ. ದಾರ ಕತ್ತರಿಸ್ತೀವಿ, ಗುಂಡಿ ನೋಡ್ತೀವಿ, ಮಡಚಿ ಕಟ್ತೀವಿ. ಭಾನುವಾರ ಹೊಲಿದಿದ್ದೆಲ್ಲ ಮಂಗಳವಾರ ಬೆಳಗ್ಗೆ ಲಾರಿ ಬರೋ ಹೊತ್ತಿಗೆ ರೆಡಿ ಇರುತ್ತೆ."

ಇಷ್ಟು ವರ್ಷ ಮಂಗಳವಾರ ಲಾರಿ ಮಧ್ಯಾಹ್ನದ ತನಕ ಕಾಯುತ್ತ ನಿಲ್ಲುತ್ತಿತ್ತು, ಮಡಚುವುದು ಮುಗಿಯುತ್ತಿರಲಿಲ್ಲ. ಅದು ಲೋಡಿನ ಚೀಟಿ ಬರೆಯುವ ನನಗೆ ಗೊತ್ತಿತ್ತು, ರಮೇಶ್ ಸರ್‌ಗೂ ಗೊತ್ತಿತ್ತು. ಅವರು ಈಗ ಬೇರೆ ದಾರಿ ಹಿಡಿದರು. "ಇಸ್ತ್ರಿ? ಇಸ್ತ್ರಿ ಇಲ್ದೆ ಮಡಚೋದು ಹೆಂಗೆ? ಅದೂ ಕರೆಂಟಿಂದೇ ಅಲ್ವಾ?"

ಇದು ದೊಡ್ಡ ಚರ್ಚೆಯಾಯಿತು. ಇಸ್ತ್ರಿ ಪೆಟ್ಟಿಗೆ ಎತ್ತಿನ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ? ಖಾದರ್ ಭಾಯ್ ಬಾಯಿ ಬಿಟ್ಟರು. "ಮುನಿರಾಜಣ್ಣ, ಇಸ್ತ್ರಿಗೆ ಚಕ್ರ ಇಲ್ಲ, ಬೆಲ್ಟು ಇಲ್ಲ. ಮನುಷ್ಯನ ಕೈ ಎಳೆದ್ರೇನೇ ಓಡೋದು. ಅದು ಎತ್ತಲ್ಲ. ಗುದ್ದಲಿ ಅನ್ಕೊಳ್ಳಿ." ಮುನಿರಾಜು ತಲೆ ಕೆರೆದುಕೊಂಡರು. ಕೊನೆಗೆ, "ಗುದ್ದಲಿ ಆದ್ರೆ ಆಯ್ತು" ಎಂದರು. ಹೊರಡುವಾಗ ಬೆನ್ನು ತಿರುಗಿಸಿಕೊಂಡೇ, "ಭಾಯ್, ಶುಕ್ರವಾರ ನೀವು ಓಗಿಬನ್ನಿ. ಕ್ವಾಪದಲ್ಲಿ ಅಂದೆ" ಎಂದು ಹೇಳಿ ಕಾರು ಹತ್ತಿದರು.

ಮರುದಿನ ಆರೂ ಜನ ಪೂಜೆಗೆ ಹೋದರು. ನಾನೂ ಆವತ್ತು ಎಂಟು ಗಂಟೆಯ ಪೂಜೆಗೇ ಹೋದೆ, ಅಪ್ಪಣೆ ಪಡೆದು. ಕೈಯಲ್ಲಿ ಈಚಲು ಗರಿ ಹಿಡಿದ ಹೆಂಗಸರ ಸಾಲಿನಲ್ಲಿ ಅಮ್ಮನ ದನಿ ಎಲ್ಲರಿಗಿಂತ ಒಂದು ಮೆಟ್ಟಿಲು ಮೇಲಿತ್ತು. ಶ್ರುತಿ ತಪ್ಪಿತ್ತು, ಅದೂ ನಿಜ.

ಸೋಮವಾರ ದೊಡ್ಡ ಗೇಟು ತೆಗೆಯಲಿಲ್ಲ, ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಹೋದೆವು. ಸಾಲುಸಾಲು ಮಿಷಿನ್ನುಗಳಿಗೆ ಕುಂಕುಮ ಇಟ್ಟಿದ್ದರು, ಸೇವಂತಿಗೆ ಏರಿಸಿದ್ದರು. ಅವುಗಳ ಮಧ್ಯೆ ಅಮ್ಮನ ಟೇಬಲ್ಲಿನಲ್ಲಿ ಮಾತ್ರ ಕತ್ತರಿಯ ಸದ್ದು. ಮಧ್ಯಾಹ್ನ ಆ ವರ್ಷದ ಮೊದಲ ಮಳೆ ಬಂತು. ಶೀಟಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು, ಕಾದ ಮಣ್ಣಿನ ವಾಸನೆಯೂ ಇಸ್ತ್ರಿಯ ಹಬೆಯೂ ಒಂದರಲ್ಲೊಂದು ಕಲಸಿಹೋದವು. ಮುನಿರಾಜು ಛತ್ರಿ ಹಿಡಿದು, ಸ್ಟೀಲ್ ಡಬ್ಬದಲ್ಲಿ ಚಿತ್ರಾನ್ನ ತೆಗೆದುಕೊಂಡು ಬಂದರು. ಮಿಷಿನ್ನುಗಳ ಕಡೆ ಒಂದು ಸಲ, ನಮ್ಮ ಕಡೆ ಒಂದು ಸಲ ನೋಡಿ, ಬಟ್ಟೆಯ ಗಂಟು ಕಟ್ಟಲು ಕೂತರು. ಅವರ ಗಂಟು ಸಡಿಲ. ಅವರು ಹೋದ ಮೇಲೆ ಅಮ್ಮ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದಳು. ಮಂಗಳವಾರ ಲಾರಿ ಬಂದ ಕೂಡಲೇ ತುಂಬಿಕೊಂಡು ಹೋಯಿತು.

ಎಲ್ಲ ಸುಸೂತ್ರ ಎಂದುಕೊಂಡಿದ್ದೆ. ಹೊಲಿಗೆ ಸಾಲಿನ ಯಶೋದಾ ಬಂದು ನನ್ನ ಮೇಜಿಗೆ ಕೈಯೂರಿ ನಿಂತಳು. "ಅಲ್ಲ ಕಣೇ ಜೆಸಿಂತಾ, ದೇವ್ರಿಗಾದ್ರೆ ಭಾನುವಾರ ಸಿಗುತ್ತೆ, ಮಕ್ಕಳಿಗಾದ್ರೆ ಸಿಗಲ್ವಾ? ನನ್ನ ಎರಡಕ್ಕೂ ಸ್ಕೂಲು ರಜಾ ಇರೋದು ಅವತ್ತೊಂದೇ ದಿನ. ಸೋಮವಾರ ನಾನು ಖಾಲಿ ಮನೆ ನೋಡ್ಕೊಂಡು ಕೂತ್ಕೋಬೇಕಾ?" ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮತ್ತೆ ಕೂತು ಮಾತಾಡಿದೆವು. ಮಕ್ಕಳಿರುವ ಹೊಲಿಗೆಯವರು ಸರದಿಯ ಮೇಲೆ ಒಂದೊಂದು ಭಾನುವಾರ ಬಿಡುವು ತೆಗೆದುಕೊಂಡು, ಸೋಮವಾರ ಬಂದು ಫಿನಿಶಿಂಗ್‌ಗೆ ಕೈ ಜೋಡಿಸುವುದೆಂದಾಯಿತು. ಅವರು ಮಡಚಿದ ಅಂಗಿಗಳನ್ನು ಅಮ್ಮ ಮೂಗು ಮುರಿದುಕೊಂಡು ಮತ್ತೆ ಮಡಚುತ್ತಿದ್ದಳು. "ಹೊಲಿಯೋರಿಗೆ ಮಡಚೋಕೆ ಬರಲ್ಲ" ಎನ್ನುವುದು ಅವಳ ತೀರ್ಪು.

ಹೊಸ ನೋಟಿಸನ್ನೂ ನಾನೇ ಬರೆದೆ, ಯಾರಿಗೆ ಯಾವ ದಿನ ಎಂದು ಸ್ಪಷ್ಟವಾಗಿ. ಒಂದು ಪ್ರತಿ ಇನ್‌ಸ್ಪೆಕ್ಟರ್ ಕಚೇರಿಗೆ ಹೋಗಬೇಕು ಎಂದಾಗ ಮುನಿರಾಜು, "ಅದ್ಯಾಕೆ ಬುಡು" ಎಂದರು. "ಕಾನೂನು ಸರ್" ಎಂದೆ. "ಇದ್ಯಾವಾಗಿಂದ?" "ಮೊದಲಿಂದಾನೂ." ಅವರು ನನ್ನನ್ನು ಒಂದು ಗಳಿಗೆ ನೋಡಿ, "ಗೊತ್ತಿದ್ದೂ ಅವತ್ತು ಯೋಳಲಿಲ್ಲ ನೀನು" ಎಂದು ಸಹಿ ಹಾಕಿದರು. ಅವತ್ತಿನಿಂದ ನನ್ನನ್ನು ಅವರು ಏಕವಚನದಲ್ಲಿ ಕರೆಯಲಿಲ್ಲ.

ಮೇ ತಿಂಗಳಲ್ಲಿ ಪರೀಕ್ಷೆ ಬರೆದೆ. ಕಾರ್ಮಿಕ ಕಾನೂನಿನ ಪತ್ರಿಕೆಯಲ್ಲಿ ವಾರದ ರಜೆಯ ಪ್ರಶ್ನೆ ಬರಲಿಲ್ಲ. ಬಂದಿದ್ದರೆ ಹೆಚ್ಚುವರಿ ಹಾಳೆ ಕೇಳಿಯೇ ಏಳುತ್ತಿದ್ದೆ. ಪಾಸಾದೆ, ಫಸ್ಟ್ ಕ್ಲಾಸಿನಲ್ಲಿ. ನಮ್ಮ ಅಪ್ಪನ ಕಡೆ ಅಮ್ಮನ ಕಡೆ ಎರಡೂ ಸೇರಿಸಿ ಹುಡುಕಿದರೂ ನನಗಿಂತ ಮುಂಚೆ ಡಿಗ್ರಿ ಮುಗಿಸಿದವರಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸಿನಲ್ಲಿ ನಿಂತು ಓದಿದ್ದೇನೆ.

ಕಾಲೇಜಿನಲ್ಲಿ ಪದವಿ ಪ್ರಮಾಣಪತ್ರ ಕೊಟ್ಟ ದಿನ ಅಮ್ಮ ಅರ್ಧ ದಿನ ರಜೆ ಬರೆಸಿ ಬಂದಳು. ಸಭಾಂಗಣದ ಹಿಂದಿನ ಸಾಲಿನಲ್ಲಿ, ಹೊಸ ಸೀರೆಯಲ್ಲಿ, ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಹೆಸರು ಕರೆದರು. ವೇದಿಕೆ ಹತ್ತಿದೆ, ಪಾರ್ವತಿ ಮೇಡಂ ತಮ್ಮ ಕೈಯಿಂದಲೇ ಕೊಟ್ಟರು. ನೇರವಾಗಿ ಇಳಿದು ಬಂದು ಅದನ್ನು ಅಮ್ಮನ ಕೈಯಲ್ಲಿಟ್ಟೆ. ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಅಕ್ಷರಗಳ ಮೇಲೆ ಹಗುರವಾಗಿ ಕೈಯಾಡಿಸಿ ನನಗೇ ವಾಪಸು ಕೊಟ್ಟಳು.

"ನಾಳೆ ನೀನೂ ಎಲ್ಲೋ ಒಂದು ಆಫೀಸಲ್ಲಿ ಕುರ್ಚಿ ಮೇಲೆ ಕೂತ್ಕೋತೀಯ. ನಿನ್ನ ಕೈ ಕೆಳಗೆ ಯಾರಾದ್ರೂ ಕೆಲಸಕ್ಕೆ ಅಂತ ಬಂದು ನಿಂತ್ರೆ, ಅದು ಬರುತ್ತಾ ಇದು ಬರುತ್ತಾ ಅಂತ ಆಮೇಲೆ ಕೇಳು. 'ನಿಮ್ಮ ದಿನ ಯಾವ್ದಮ್ಮ' ಅಂತ ಮೊದ್ಲು ಕೇಳು."